‘ಅನ್‌ಲಿಮಿಟೆಡ್’ ಹೋಸ್ಟಿಂಗ್‌ನ ಮಿತಿಗಳನ್ನು ಬೆಲೆಯ ಪಕ್ಕದಲ್ಲೇ ಬರೆಯಲಿ

ಸಂಪಾದಕರಿಗೆ,

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗುವಾಗ 15 ಕೆ.ಜಿ. ಬಾಕ್ಸ್‌ಗೆ ಇಷ್ಟು ಎಂದು ಕೂಗುತ್ತಾರೆ. ತೂಕ ಹೇಳದೆ ಬರೀ ಬೆಲೆ ಹೇಳಿದರೆ ರೈತನೂ ಒಪ್ಪುವುದಿಲ್ಲ, ವ್ಯಾಪಾರಿಯೂ ಒಪ್ಪುವುದಿಲ್ಲ. ಇದೇ ಜಿಲ್ಲೆಯ ಖಾಸಗಿ ಶಾಲೆಗಳು, ಶ್ರೀನಿವಾಸಪುರದ ಮಾವು ಮಾರಾಟಗಾರರು, ಮಾಲೂರಿನ ನರ್ಸರಿಗಳು, ಸ್ಥಳೀಯ ಸುದ್ದಿ ಜಾಲತಾಣಗಳು ವರ್ಷ ವರ್ಷ ದುಡ್ಡು ಕಟ್ಟಿ ಕೊಳ್ಳುವ ಶೇರ್ಡ್ ವೆಬ್ ಹೋಸ್ಟಿಂಗ್‌ನಲ್ಲಿ (ಜಾಲತಾಣವನ್ನು ಕಂಪನಿಯ ಯಂತ್ರದಲ್ಲಿ ಬಾಡಿಗೆಗೆ ಇಡುವ ಸೇವೆ) ಮಾತ್ರ ಆ ತೂಕವೇ ಕಾಣುವುದಿಲ್ಲ. ‘ಅನ್‌ಲಿಮಿಟೆಡ್ ಡಿಸ್ಕ್, ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್, ನೂರು ವೆಬ್‌ಸೈಟ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಸೈಟನ್ನು ನಿಜವಾಗಿ ಕೆಡವುವ ನಾಲ್ಕೈದು ಅಂಕಿಗಳು ಷರತ್ತುಗಳ ಪುಟದ ತಳದಲ್ಲಿ ಇರುತ್ತವೆ, ಕೆಲವು ಕಡೆ ಅಲ್ಲಿಯೂ ಇರುವುದಿಲ್ಲ.

ಮೊದಲು ಡಿಸ್ಕ್ ವಿಷಯ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ 3 ಬೈಟ್ ಹಿಡಿಯುತ್ತದೆ. 500 ಪದಗಳ ಒಂದು ಸುದ್ದಿ ಸುಮಾರು 12–13 ಕೆಬಿ ಆಗುತ್ತದೆ. ಹತ್ತು ಸಾವಿರ ಸುದ್ದಿ ಬರೆದರೂ ಬರಹದ ಭಾಗ 125 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಷ್ಟಕ್ಕೆ ‘ಅಪರಿಮಿತ’ ಜಾಗದ ಆಸೆ ತೋರಿಸುವ ಅಗತ್ಯವೇನೂ ಇಲ್ಲ. ಬಳಕೆದಾರ ಎಂದೂ ಮುಟ್ಟದ ಗೋಡೆಯನ್ನು ತೆಗೆದು ಹಾಕಿದ್ದೇವೆ ಎಂದು ಹೇಳಿ, ಅವನು ದಿನಾ ಡಿಕ್ಕಿ ಹೊಡೆಯುವ ಗೋಡೆಯ ಬಗ್ಗೆ ಬಾಯಿ ಬಿಡದಿರುವುದು ಸರಿಯಲ್ಲ.

ಆ ಗೋಡೆ ಯಾವುದು ಎಂಬುದನ್ನು ಬಿಡಿಸಿ ಹೇಳಬೇಕು. ಶೇರ್ಡ್ ಹೋಸ್ಟಿಂಗ್ ಎಂದರೆ ಒಂದೇ ಯಂತ್ರದಲ್ಲಿ ನೂರಾರು ಖಾತೆಗಳು. ಒಬ್ಬರ ಸೈಟ್ ಕೆಟ್ಟು ಇಡೀ ಯಂತ್ರವನ್ನು ನುಂಗದಿರಲಿ ಎಂದು ಕಂಪನಿಗಳು ಕ್ಲೌಡ್‌ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕುತ್ತವೆ. 2010ರಲ್ಲಿ ಬಂದ ಇದು ಪ್ರತಿ ಖಾತೆಗೂ ಎಲ್‌ವಿಇ ಎಂಬ ಪ್ರತ್ಯೇಕ ಆವರಣ ಕಟ್ಟುತ್ತದೆ. ಅದರ ಮೂಲ ಅಳತೆ ಹೀಗಿದೆ: ಪ್ರೊಸೆಸರ್ 100 ಪರ್ಸೆಂಟ್, ಅಂದರೆ ಒಂದು ಕೋರ್ ಮಾತ್ರ; ಮೆಮೊರಿ 1 ಜಿಬಿ; ಎಂಟ್ರಿ ಪ್ರೋಸೆಸ್ 20; ಒಟ್ಟು ಪ್ರೋಸೆಸ್ 100; ಡಿಸ್ಕ್ ಓದು–ಬರಹದ ವೇಗ ಸೆಕೆಂಡಿಗೆ 1024 ಕೆಬಿ. ಕಂಪನಿ ಇದನ್ನು ಪ್ಲಾನ್ ನೋಡಿ ಏರಿಸಬಹುದು, ಇಳಿಸಬಹುದು. ಇವುಗಳ ಜೊತೆಗೆ ಇನೋಡ್ ಮಿತಿ, ಅಂದರೆ ಖಾತೆಯಲ್ಲಿ ಇರಬಹುದಾದ ಫೈಲ್ ಮತ್ತು ಫೋಲ್ಡರ್‌ಗಳ ಒಟ್ಟು ಸಂಖ್ಯೆ. ಮಿತಿ ಇರುವುದರ ಬಗ್ಗೆ ನಮ್ಮ ತಕರಾರಿಲ್ಲ. ಪಕ್ಕದ ಖಾತೆಯ ಹುಚ್ಚು ಸ್ಕ್ರಿಪ್ಟ್‌ನಿಂದ ನಮ್ಮ ಸೈಟನ್ನು ಕಾಪಾಡುವುದೂ ಇದೇ ಮಿತಿ. ತಕರಾರು ಇರುವುದು ಅದನ್ನು ಬಚ್ಚಿಡುವುದರ ಬಗ್ಗೆ.

ಈ ಪೈಕಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಎಂಟ್ರಿ ಪ್ರೋಸೆಸ್ ಬಗ್ಗೆ. 20 ಎಂದರೆ ಇಪ್ಪತ್ತೇ ಜನ ಸೈಟ್ ನೋಡಬಹುದು ಎಂದಲ್ಲ. ಒಂದೇ ಕ್ಷಣದಲ್ಲಿ ಒಳಗೆ ಓಡುತ್ತಿರುವ ಪಿಎಚ್‌ಪಿ (ಪುಟ ತಯಾರಿಸುವ ಪ್ರೋಗ್ರಾಂ ಭಾಷೆ) ಕೆಲಸಗಳು ಇಪ್ಪತ್ತಕ್ಕಿಂತ ಹೆಚ್ಚಾಗಬಾರದು ಎಂದು. ಚಿತ್ರ, ಸ್ಟೈಲ್ ಫೈಲ್, ಕನ್ನಡ ಫಾಂಟ್ ಕಳಿಸುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಒಂದು ಪುಟ ತಯಾರಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೇ ತಿಂಗಳಲ್ಲಿ ಬಾದಾಮಿ, ರಸಪುರಿ ಬುಕಿಂಗ್ ತೆರೆದ ಮಾವಿನ ಸೈಟೊಂದರ ಲಿಂಕು ಬೆಂಗಳೂರಿನ ನಾಲ್ಕಾರು ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗುಂಪಿಗೆ ಬಿತ್ತು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 12 ಜನ ಒತ್ತುತ್ತಿದ್ದಾರೆ. ಪುಟ ತಯಾರಾಗಲು 3 ಸೆಕೆಂಡು ಬೇಕಾದರೆ ಒಂದೇ ಹೊತ್ತಿಗೆ 36 ಎಂಟ್ರಿ ಪ್ರೋಸೆಸ್ ಬೇಕು. ಇಪ್ಪತ್ತರ ಮೇಲೆ ಬಂದವರಿಗೆಲ್ಲ ‘508 ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್’ ಎಂಬ ಬಿಳಿ ಪುಟ ಕಾಣುತ್ತದೆ. ಅದೇ ಪುಟ ಅರ್ಧ ಸೆಕೆಂಡಿನಲ್ಲಿ ತಯಾರಾದರೆ ಬೇಕಾಗುವುದು 6 ಮಾತ್ರ. ಅದೇ ಪ್ಲಾನು, ಅಷ್ಟೇ ಜನ, ಸೈಟು ಆರಾಮಾಗಿ ನಿಲ್ಲುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರೊಸೆಸರ್ ಅಥವಾ ಡಿಸ್ಕ್ ವೇಗದ ಮಿತಿ ಮುಟ್ಟಿದಾಗ ಯಾವ ತಪ್ಪು ಸಂದೇಶವೂ ಬರುವುದಿಲ್ಲ. ಕೆಲಸ ನಿಧಾನವಾಗುತ್ತದೆ, ಅಷ್ಟೆ. ಅರ್ಧ ಸೆಕೆಂಡಿನ ಪುಟ ಐದು ಸೆಕೆಂಡು ತೆಗೆದುಕೊಳ್ಳುತ್ತದೆ. ಮುಗಿಯದ ಕೆಲಸಗಳು ಒಂದರ ಹಿಂದೆ ಒಂದು ನಿಂತು ಎಂಟ್ರಿ ಪ್ರೋಸೆಸ್ ತುಂಬುತ್ತದೆ, ಆಗ 508 ಕಾಣುತ್ತದೆ. ಬಳಕೆದಾರನ ಕಣ್ಣಿಗೆ ಬೀಳುವುದು ಕೊನೆಯ ಕೊಂಡಿ ಮಾತ್ರ. ರೋಗ ಎರಡು ಮೆಟ್ಟಿಲು ಹಿಂದೆ ಇರುತ್ತದೆ. ಸಂಜೆ ಏಳಕ್ಕೆ 1.2 ಜಿಬಿ ಬ್ಯಾಕಪ್ ಮಾಡಲು ಪ್ಲಗಿನ್‌ಗೆ (ಸೈಟಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ) ಹೇಳಿದ್ದರೆ, ಸೆಕೆಂಡಿಗೆ 1 ಎಂಬಿ ವೇಗದಲ್ಲಿ ಅದನ್ನು ಓದಲಿಕ್ಕೇ 20 ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ಸೈಟಿನ ಉಳಿದೆಲ್ಲ ಓದು–ಬರಹವೂ ಅದೇ ಕಿರಿದಾದ ಕೊಳವೆಯಲ್ಲಿ ಸರದಿ ನಿಲ್ಲಬೇಕು. ಜನ ಹೆಚ್ಚು ಬರುವ ಹೊತ್ತಿಗೇ ಸೈಟು ಬೀಳುತ್ತದೆ, ‘ಟ್ರಾಫಿಕ್ ಜಾಸ್ತಿ, ಮೇಲಿನ ಪ್ಲಾನ್ ತಗೊಳ್ಳಿ’ ಎಂಬ ಸಲಹೆ ಬರುತ್ತದೆ. ಬ್ಯಾಕಪ್ಪನ್ನು ಬೆಳಗಿನ ಜಾವ ಮೂರಕ್ಕೆ ಸರಿಸಿದ್ದರೆ ಒಂದು ರೂಪಾಯಿಯೂ ಖರ್ಚಾಗುತ್ತಿರಲಿಲ್ಲ.

ಮೆಮೊರಿಯ ಲೆಕ್ಕವೂ ಹೀಗೆಯೇ ಮೋಸಗೊಳಿಸುವಂಥದ್ದು. ಖಾತೆಗೆ 1 ಜಿಬಿ ಇದ್ದು, ಪುಟ ವಿನ್ಯಾಸದ ಪೇಜ್ ಬಿಲ್ಡರ್, ಆನ್‌ಲೈನ್ ಅಂಗಡಿಯ ವೂಕಾಮರ್ಸ್, ಹತ್ತಾರು ಪ್ಲಗಿನ್ ಸೇರಿ ಒಂದು ಪುಟಕ್ಕೆ 128 ಎಂಬಿ ಹಿಡಿದರೆ, ಒಂದೇ ಹೊತ್ತಿಗೆ ತಯಾರಾಗುವ ಎಂಟು ಪುಟಕ್ಕೆ ಮೆಮೊರಿ ಮುಗಿಯುತ್ತದೆ. ಎಂಟ್ರಿ ಪ್ರೋಸೆಸ್ 20 ಎಂದು ಕೊಟ್ಟಿದ್ದರೂ ಒಂಬತ್ತನೆಯವರಿಗೆ 500 ಅಥವಾ 503 ದೋಷ ಕಾಣುತ್ತದೆ. ಪಿಎಚ್‌ಪಿಯ ‘ಮೆಮೊರಿ ಲಿಮಿಟ್’ ಅನ್ನು 512 ಎಂಬಿಗೆ ಏರಿಸಿದರೆ ಸರಿಹೋಗುತ್ತದೆ ಎಂದು ಹಲವರು ಏರಿಸುತ್ತಾರೆ. ಅದು ಒಂದು ಕೆಲಸ ಗರಿಷ್ಠ ಎಷ್ಟು ತಿನ್ನಬಹುದು ಎಂಬ ಮಿತಿ. ಖಾತೆಯ 1 ಜಿಬಿ ಅದರಿಂದ ಒಂದು ಎಂಬಿಯೂ ಹೆಚ್ಚುವುದಿಲ್ಲ.

ಇನ್ನು ಇನೋಡ್. ನಮ್ಮ ಭಾಗದ ಸುದ್ದಿ ಸೈಟುಗಳನ್ನು ಸದ್ದಿಲ್ಲದೆ ಕೊಲ್ಲುವುದು ಇದೇ. ಕರಗದ ರಾತ್ರಿ ಫೋನಿನಲ್ಲಿ ತೆಗೆದ ಒಂದು ಚಿತ್ರವನ್ನು ಸೈಟು ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಏರಿಸಿದಾಗ ಒಳಗೆ ಏನಾಗುತ್ತದೆ ನೋಡಿ. ಮೂಲ ಚಿತ್ರ ಒಂದು. 2560 ಪಿಕ್ಸೆಲ್‌ಗೆ ಇಳಿಸಿದ ಪ್ರತಿ ಇನ್ನೊಂದು; 2019ರ ನವೆಂಬರ್‌ನಲ್ಲಿ ಬಂದ 5.3ನೇ ಆವೃತ್ತಿಯಿಂದ ಇದು ತಾನಾಗಿಯೇ ಆಗುತ್ತದೆ. ಜೊತೆಗೆ 150, 300, 768, 1024, 1536, 2048 ಅಳತೆಯ ಆರು ಪ್ರತಿಗಳು. ಅಲ್ಲಿಗೆ ಎಂಟು ಫೈಲ್. ಸುದ್ದಿ ಥೀಮ್ (ಸೈಟಿನ ವಿನ್ಯಾಸ) ತನ್ನದೇ ನಾಲ್ಕು ಅಳತೆ ಸೇರಿಸಿದರೆ ಹನ್ನೆರಡು. ದಿನಕ್ಕೆ 20 ಚಿತ್ರ ಏರಿಸಿದರೆ 240, ವರ್ಷಕ್ಕೆ 87,600. ಚಿತ್ರ ಹಗುರ ಮಾಡುವ ಪ್ಲಗಿನ್ ಪ್ರತಿಯೊಂದಕ್ಕೂ ವೆಬ್‌ಪಿ ಎಂಬ ಹಗುರ ರೂಪದ ಪ್ರತಿ ಮಾಡಿಟ್ಟರೆ ಅದೇ 1,75,200. ಖಾತೆಯ ಇನೋಡ್ ಮಿತಿ ಎರಡು ಲಕ್ಷ ಇದ್ದರೆ, ವರ್ಡ್‌ಪ್ರೆಸ್‌ನ ಸ್ವಂತ ಮೂರು ಸಾವಿರ ಚಿಲ್ಲರೆ ಫೈಲ್, ಥೀಮ್, ಪ್ಲಗಿನ್, ಕ್ಯಾಶ್ (ತಯಾರಾದ ಪುಟಗಳ ಉಳಿಸಿಟ್ಟ ಪ್ರತಿ) ಎಲ್ಲ ಸೇರಿ ಮೊದಲ ವರ್ಷ ಕಳೆಯುವಷ್ಟರಲ್ಲಿ ಕಂಠದವರೆಗೆ ಬಂದಿರುತ್ತದೆ. ಹಣ ವಾಪಸ್ ಕೇಳಲು ಸಾಮಾನ್ಯವಾಗಿ ಇರುವ ಅವಧಿ 30 ದಿನ. ಕಡಿಮೆ ದರದ ಆಸೆಗೆ ಮೂರ್ನಾಲ್ಕು ವರ್ಷದ ಹಣ ಒಟ್ಟಿಗೆ ಕಟ್ಟಿದವರು ಎರಡನೇ ವರ್ಷ ಏನು ಮಾಡಬೇಕು?

ಇಮೇಲ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಸಾಮಾನ್ಯವಾಗಿ ಬಳಸುವ ಮೇಲ್‌ಡಿರ್ ವ್ಯವಸ್ಥೆಯಲ್ಲಿ ಒಂದು ಪತ್ರ ಎಂದರೆ ಒಂದು ಫೈಲ್, ಒಂದು ಇನೋಡ್. ಯಾರೂ ತೆರೆಯದ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಮೂವತ್ತು ಸಾವಿರ ಪತ್ರ ಕೊಳೆಯುತ್ತಿದ್ದರೆ ಮೂವತ್ತು ಸಾವಿರ ಇನೋಡ್ ಹೋಯಿತು. ಅದಕ್ಕಿಂತ ಗುಟ್ಟಾದದ್ದು ಕ್ರಾನ್, ಅಂದರೆ ನಿಗದಿತ ಹೊತ್ತಿಗೆ ತಾನಾಗಿಯೇ ಓಡುವ ಕೆಲಸದ ಪತ್ರಗಳು. ಐದು ನಿಮಿಷಕ್ಕೊಮ್ಮೆ ಓಡುವ ಕ್ರಾನ್ ಏನಾದರೂ ಒಂದು ಸಾಲು ಮುದ್ರಿಸಿದರೆ ಅದನ್ನು ಖಾತೆಯ ಮುಖ್ಯ ಅಂಚೆಪೆಟ್ಟಿಗೆಗೆ ಕಳಿಸುತ್ತದೆ. ದಿನಕ್ಕೆ 288 ಪತ್ರ, ವರ್ಷಕ್ಕೆ 1,05,120. ಕ್ರಾನ್‌ನಲ್ಲಿ ಪುಟ ತರಿಸುವ ಡಬ್ಲ್ಯು-ಗೆಟ್ (wget) ಆಜ್ಞೆಯನ್ನು ಔಟ್‌ಪುಟ್ ಎಲ್ಲಿಗೆ ಎಂದು ಹೇಳದೆ ಕೊಟ್ಟಿದ್ದರೆ ಹೋಮ್ ಫೋಲ್ಡರ್‌ನಲ್ಲಿ ಒಂದೊಂದು ಸಲಕ್ಕೂ ಒಂದು ಖಾಲಿ ಫೈಲ್ ಬೇರೆ ಹುಟ್ಟುತ್ತದೆ. ಹೆಸರಿನ ಕೊನೆಗೆ 1, 2, 3 ಎಂದು ಅಂಕಿ ಬೆಳೆಯುತ್ತಾ ಹೋಗುವ ಸಾವಿರಾರು ಫೈಲ್ ಅಲ್ಲಿ ಕಂಡರೆ ಕಾರಣ ಇದೇ.

ಇನೋಡ್ ಮುಗಿದಾಗ ಬರುವ ಸಂದೇಶ ‘ಡಿಸ್ಕ್ ಕೋಟಾ ಎಕ್ಸೀಡೆಡ್’. ಅದೇ ಪರದೆಯ ಬಲಗಡೆ ಡಿಸ್ಕ್ ಬಳಕೆ 9 ಜಿಬಿ, ಮಿತಿ ಅನ್‌ಲಿಮಿಟೆಡ್ ಎಂದು ತೋರಿಸುತ್ತಿರುತ್ತದೆ. ಓದಿದವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಹೊಸ ಮೇಲ್ ಬರುವುದು ನಿಲ್ಲುತ್ತದೆ, ಕಳಿಸಿದವರಿಗೆ ಪತ್ರ ವಾಪಸ್ ಹೋಗುತ್ತದೆ. ಒಳಗೆ ಬಂದವರನ್ನು ನೆನಪಿಡುವ ಸೆಷನ್ ಫೈಲ್ ಹುಟ್ಟದೆ ಲಾಗಿನ್ ಕೈಕೊಡುತ್ತದೆ. ಪ್ಲಗಿನ್ ಅಪ್‌ಡೇಟ್ ಅರ್ಧಕ್ಕೆ ನಿಂತು, ಸೈಟು ‘ನಿರ್ವಹಣೆಯಲ್ಲಿದೆ’ ಎಂಬ ಪುಟದಲ್ಲೇ ಸಿಕ್ಕಿಕೊಳ್ಳಬಹುದು. ಕ್ಯಾಶ್ ಫೈಲ್ ಬರೆಯಲಾಗದೆ ಪ್ರತಿ ಪುಟವನ್ನೂ ಹೊಸದಾಗಿ ತಯಾರಿಸಬೇಕಾಗಿ, ಅಲ್ಲಿಂದ ಎಂಟ್ರಿ ಪ್ರೋಸೆಸ್‌ನ ಕಷ್ಟ ಶುರುವಾಗುತ್ತದೆ. ಇನ್ನೂ ಒಂದು: ಫೈಲ್ ಸಂಖ್ಯೆ ಇಂತಿಷ್ಟು ದಾಟಿದ ಖಾತೆಯನ್ನು ಕಂಪನಿಯ ಬ್ಯಾಕಪ್‌ನಿಂದ ಕೈಬಿಡಲಾಗುತ್ತದೆ ಎಂಬ ಷರತ್ತು ಹಲವು ಕಡೆ ಇರುತ್ತದೆ. ‘ಪ್ರತಿದಿನ ಉಚಿತ ಬ್ಯಾಕಪ್’ ಎಂಬ ಜಾಹೀರಾತು ನಂಬಿದವರಿಗೆ ಇದು ಗೊತ್ತಾಗುವುದು ಬ್ಯಾಕಪ್ ಬೇಕಾದ ದಿನ.

‘ನೂರು ವೆಬ್‌ಸೈಟ್ ಇಡಬಹುದು’ ಎಂಬ ಮಾತಿನ ಒಳಗುಟ್ಟನ್ನೂ ಊರಿನ ಡಿಸೈನರ್ ಗೆಳೆಯರು ಗಮನಿಸಬೇಕು. ಒಂದು ಖಾತೆಗೆ ಆ್ಯಡ್‌ಆನ್ ಡೊಮೇನ್ (ಅದೇ ಖಾತೆಗೆ ಸೇರಿಸುವ ಇನ್ನೊಂದು ಸೈಟ್ ವಿಳಾಸ) ಆಗಿ ಮೂವತ್ತು ಗ್ರಾಹಕರ ಸೈಟು ಸೇರಿಸಿದರೆ ಮೂವತ್ತಕ್ಕೂ ಸೇರಿ ಅದೇ 20 ಎಂಟ್ರಿ ಪ್ರೋಸೆಸ್, ಅದೇ 1 ಜಿಬಿ, ಅದೇ ಇನೋಡ್. ಒಂದು ಶಾಲೆಯ ಪ್ರವೇಶ ಅರ್ಜಿ ಶುರುವಾದ ದಿನ ಕೋಳಿ ಫಾರಂನ ಸೈಟೂ ಬೀಳುತ್ತದೆ. ಒಂದಕ್ಕೆ ಮಾಲ್‌ವೇರ್ ಹೊಕ್ಕರೆ ಒಂದೇ ಬಳಕೆದಾರನ ಅಡಿಯಲ್ಲಿರುವ ಉಳಿದ ಇಪ್ಪತ್ತೊಂಬತ್ತಕ್ಕೂ ದಾರಿ ತೆರೆದಿರುತ್ತದೆ. ಗ್ರಾಹಕರಿಂದ ಪ್ರತ್ಯೇಕವಾಗಿ ಹೋಸ್ಟಿಂಗ್ ಹಣ ತೆಗೆದುಕೊಳ್ಳುವವರು ಖಾತೆಯನ್ನೂ ಪ್ರತ್ಯೇಕವಾಗಿಯೇ ಕೊಡಬೇಕು. ಕೊಂಡು ಮರುಮಾರಾಟ ಮಾಡುವವರಿಗಾಗಿ ಇರುವ ರೀಸೆಲ್ಲರ್ ಪ್ಲಾನ್‌ನಲ್ಲಿ ಅದಕ್ಕೆ ಅವಕಾಶವಿದೆ.

ಸೈಟ್ ಬಿದ್ದಾಗ ಅಪ್‌ಗ್ರೇಡ್‌ಗೆ ಹಣ ಕಟ್ಟುವ ಮುನ್ನ ನೋಡಬೇಕಾದ ಜಾಗ ಹೋಸ್ಟಿಂಗ್ ಖಾತೆಯ ನಿಯಂತ್ರಣ ಪುಟವಾದ ಸಿಪ್ಯಾನೆಲ್‌ನಲ್ಲೇ ಇದೆ. ಮೆಟ್ರಿಕ್ಸ್ ವಿಭಾಗದಲ್ಲಿ ‘ರಿಸೋರ್ಸ್ ಯೂಸೇಜ್’ ಒತ್ತಿ, ವಿವರ ತೆರೆದು, ಕಳೆದ 24 ಗಂಟೆಯ ನಕ್ಷೆ ನೋಡಿ. ಪ್ರತಿಯೊಂದಕ್ಕೂ ಸರಾಸರಿ, ಮಿತಿ, ಫಾಲ್ಟ್ (ಮಿತಿಗೆ ಡಿಕ್ಕಿ ಹೊಡೆದ ಸಲ) ಎಂಬ ಅಂಕಿಗಳಿರುತ್ತವೆ. ಯಾವ ಗೆರೆ ಮೊದಲು ಮಿತಿ ಮುಟ್ಟಿತು ಎಂಬುದೇ ಮುಖ್ಯ. ಪ್ರೊಸೆಸರ್ ಗೆರೆ ಸಂಜೆ 6.50ಕ್ಕೆ ಛಾವಣಿಗೆ ತಾಗಿ, ಎಂಟ್ರಿ ಪ್ರೋಸೆಸ್ 6.55ಕ್ಕೆ ತುಂಬಿದ್ದರೆ, ಎಂಟ್ರಿ ಪ್ರೋಸೆಸ್ ಹೆಚ್ಚಿಸಿ ಏನೂ ಪ್ರಯೋಜನವಿಲ್ಲ. ಅದೇ ಪುಟದ ‘ಸ್ನ್ಯಾಪ್‌ಶಾಟ್’ ತೆರೆದರೆ ಆ ಹೊತ್ತಿನಲ್ಲಿ ಓಡುತ್ತಿದ್ದ ಕೆಲಸಗಳು, ಡೇಟಾಬೇಸ್ ಪ್ರಶ್ನೆಗಳು, ಕೇಳಿದ ಪುಟಗಳು ಕಾಣುತ್ತವೆ. ಅಲ್ಲಿ ಎಕ್ಸ್ಎಂಎಲ್-ಆರ್‌ಪಿಸಿ (ಹೊರಗಿನ ಆ್ಯಪ್‌ಗಳು ವರ್ಡ್‌ಪ್ರೆಸ್ ಒಳಗೆ ಬರುವ ಬಾಗಿಲು) ಅಥವಾ ಲಾಗಿನ್ ಪುಟಗಳೇ ತುಂಬಿದ್ದರೆ ಯಾರೋ ಪಾಸ್‌ವರ್ಡ್ ಊಹಿಸುತ್ತಾ ಬಡಿಯುತ್ತಿದ್ದಾರೆ ಎಂದರ್ಥ. ಅದನ್ನು ತಡೆದರೆ ಮುಗಿಯಿತು. ಅಡ್ಮಿನ್-ಅಜಾಕ್ಸ್ (ತೆರೆದ ಪುಟ ಹಿನ್ನೆಲೆಯಲ್ಲಿ ಸರ್ವರ್‌ಗೆ ಕಳಿಸುವ ಕೋರಿಕೆ) ತುಂಬಿದ್ದರೆ ಸಂಪಾದಕೀಯ ಸಿಬ್ಬಂದಿಯ ತೆರೆದಿಟ್ಟ ಟ್ಯಾಬ್‌ಗಳೇ ಕಾರಣ ಇರಬಹುದು. ವರ್ಡ್‌ಪ್ರೆಸ್‌ನ ಹಾರ್ಟ್‌ಬೀಟ್ ಎಂಬ ಭಾಗ ತೆರೆದಿಟ್ಟ ಟ್ಯಾಬ್‌ನಿಂದ ಕೆಲವು ಸೆಕೆಂಡಿಗೊಮ್ಮೆ ಸರ್ವರ್ ಬಾಗಿಲು ತಟ್ಟುತ್ತಲೇ ಇರುತ್ತದೆ. ಅಂತರವನ್ನು 60 ಸೆಕೆಂಡಿಗೆ ಏರಿಸಬಹುದು.

ಡಬ್ಲ್ಯುಪಿ-ಕ್ರಾನ್ (ವರ್ಡ್‌ಪ್ರೆಸ್‌ನ ಸ್ವಂತ ಕ್ರಾನ್) ಕಂಡರೆ ಅದನ್ನು ಕಾನ್ಫಿಗ್ ಫೈಲಿನಲ್ಲಿ ನಿಲ್ಲಿಸಿ, ಸಿಪ್ಯಾನೆಲ್‌ನ ಕ್ರಾನ್‌ನಿಂದ 15 ನಿಮಿಷಕ್ಕೊಮ್ಮೆ ಓಡಿಸಬೇಕು. ಇಲ್ಲದಿದ್ದರೆ ಬಂದವರ ಭೇಟಿಯೇ ಅದನ್ನು ಎಬ್ಬಿಸಿ, ಒಬ್ಬ ಓದುಗ ಎರಡು ಎಂಟ್ರಿ ಪ್ರೋಸೆಸ್ ಹಿಡಿದಂತಾಗುತ್ತದೆ. ಹೀಗೆ ಮಾಡುವಾಗ ಔಟ್‌ಪುಟ್ಟನ್ನು ಡೆವ್-ನಲ್‌ಗೆ (ಬಂದದ್ದನ್ನೆಲ್ಲ ಎಸೆದುಬಿಡುವ ಜಾಗ) ತಿರುಗಿಸಲು ಮರೆಯಬಾರದು, ಮರೆತರೆ ಮೇಲೆ ಹೇಳಿದ ಲಕ್ಷ ಪತ್ರಗಳ ಪಾಡು ಬರುತ್ತದೆ. ಪೇಜ್ ಕ್ಯಾಶ್ ಹಾಕಿದರೆ ಸುದ್ದಿ ಸೈಟಿನ ಅರ್ಧಕ್ಕಿಂತ ಹೆಚ್ಚು ಕಷ್ಟ ಕಳೆಯುತ್ತದೆ. ಮಾವು ಮಾರುವ ಸೈಟಿನಲ್ಲಿ ಬುಟ್ಟಿ ಮತ್ತು ಹಣ ಕಟ್ಟುವ ಪುಟಗಳನ್ನು ಕ್ಯಾಶ್ ಮಾಡುವಂತಿಲ್ಲ, ಮಾಡಿದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವ ಅಪಾಯವಿದೆ. ಅಂಥವರಿಗೆ ಸೀಸನ್‌ನ ಎರಡು ತಿಂಗಳಾದರೂ ಮೇಲಿನ ಪ್ಲಾನ್ ನಿಜವಾಗಿ ಬೇಕು. ಇನೋಡ್‌ಗಾದರೆ ಬೇಡದ ಚಿತ್ರ ಅಳತೆಗಳನ್ನು ನಿಲ್ಲಿಸುವುದು, ಸ್ಪ್ಯಾಮ್ ಖಾಲಿ ಮಾಡುವುದು, ಬಳಸದ ಥೀಮ್ ತೆಗೆಯುವುದು, ಹಳೇ ಬ್ಯಾಕಪ್‌ಗಳನ್ನು ಖಾತೆಯಿಂದ ಹೊರಗೆ ಇಳಿಸಿಕೊಳ್ಳುವುದು.

ಇಷ್ಟೆಲ್ಲ ಕಷ್ಟ ಗ್ರಾಹಕನ ತಲೆಗೆ ಬರುವುದು ಕೊಳ್ಳುವಾಗ ಅಂಕಿ ಕಾಣದಿರುವುದರಿಂದ. ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಮುಖ್ಯ ಮಾಹಿತಿಯನ್ನು ಬೇಕೆಂದೇ ಮರೆಮಾಚುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(28)ನೇ ಕಲಮಿನ ಪ್ರಕಾರ ದಾರಿತಪ್ಪಿಸುವ ಜಾಹೀರಾತೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಜಾಹೀರಾತಿನ ಮುಖ್ಯ ಮಾತನ್ನು ಅಡಿಟಿಪ್ಪಣಿ ಸುಳ್ಳು ಮಾಡಬಾರದು, ಅಡಿಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು ಎಂದು 2022ರ ಜೂನ್‌ನ ಮಾರ್ಗಸೂಚಿ ಹೇಳುತ್ತದೆ. ಬ್ರಾಡ್‌ಬ್ಯಾಂಡ್‌ನಲ್ಲೂ ಹಿಂದೆ ಹೀಗೆಯೇ ‘ಅನ್‌ಲಿಮಿಟೆಡ್’ ಎಂದು ಮಾರಿ ಅರ್ಧ ತಿಂಗಳಿಗೆ ವೇಗ ಇಳಿಸುತ್ತಿದ್ದರು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮಧ್ಯೆ ಬಂದು, ಎಷ್ಟು ಜಿಬಿವರೆಗೆ ಯಾವ ವೇಗ, ಆಮೇಲೆ ಯಾವ ವೇಗ ಎಂದು ತಿಳಿಸುವಂತೆ ಮಾಡಿತು. ಈಗ ಯಾವ ಪ್ಲಾನ್ ತೆರೆದರೂ ಅದು ಕಾಣುತ್ತದೆ, ಇದರಿಂದ ಬ್ರಾಡ್‌ಬ್ಯಾಂಡ್ ವ್ಯಾಪಾರವೇನೂ ನಿಂತಿಲ್ಲ. ವೆಬ್ ಹೋಸ್ಟಿಂಗ್‌ಗೂ ಇದೇ ಶಿಸ್ತು ಬರಲಿ. ಕನ್ನಡದಲ್ಲಿ ಜಾಹೀರಾತು ಕೊಟ್ಟು ಗ್ರಾಹಕರನ್ನು ಕರೆಯುವವರು ಮಿತಿಯನ್ನೂ ಕನ್ನಡದಲ್ಲೇ ಬರೆಯಲಿ. ಮೋಸಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಪ್ಲಾನ್ ಕೊಂಡ ದಿನದ ಜಾಹೀರಾತು ಪುಟದ ಸ್ಕ್ರೀನ್‌ಶಾಟ್, ರಿಸೋರ್ಸ್ ಯೂಸೇಜ್ ನಕ್ಷೆ, ಬಿಲ್ ಮೂರನ್ನೂ ಇಟ್ಟುಕೊಂಡಿರಬೇಕು.

ಹೊಸದಾಗಿ ಸೈಟ್ ಮಾಡಿಸಲು ಕೊಟೇಶನ್ ಕೇಳುತ್ತಿರುವ ಜಿಲ್ಲೆಯ ಶಾಲಾ–ಕಾಲೇಜು, ಸಹಕಾರ ಸಂಘ, ರೈತ ಉತ್ಪಾದಕ ಕಂಪನಿಗಳಲ್ಲಿ ಒಂದು ವಿನಂತಿ. ಡಿಸ್ಕ್ ಎಷ್ಟು, ಬ್ಯಾಂಡ್‌ವಿಡ್ತ್ ಎಷ್ಟು ಎಂಬ ಕಾಲಂಗಳ ಪಕ್ಕದಲ್ಲಿ ಇನ್ನು ಏಳು ಕಾಲಂ ಎಳೆಯಿರಿ: ಎಂಟ್ರಿ ಪ್ರೋಸೆಸ್, ಮೆಮೊರಿ, ಪ್ರೊಸೆಸರ್ ಕೋರ್, ಡಿಸ್ಕ್ ಓದು–ಬರಹದ ವೇಗ, ಇನೋಡ್, ಗಂಟೆಗೆ ಕಳಿಸಬಹುದಾದ ಇಮೇಲ್ ಮತ್ತು ಎರಡನೇ ಅವಧಿಯ ನವೀಕರಣ ದರ. ಎಂಟುನೂರು ಪೋಷಕರಿಗೆ ಶುಲ್ಕದ ನೋಟಿಸ್ ಕಳಿಸುವ ಶಾಲೆಗೆ ಆ ಇಮೇಲ್ ಕಾಲಂ ಒಂದೇ ಸಾಕು ಪ್ಲಾನ್ ಹೊಂದುತ್ತದೋ ಇಲ್ಲವೋ ಎಂದು ತಿಳಿಯಲು. ಯಾರು ಆ ಕಾಲಂಗಳಲ್ಲಿ ಅಂಕಿ ತುಂಬದೆ ‘ಅನ್‌ಲಿಮಿಟೆಡ್’ ಎಂದು ಬರೆದು ಕಳಿಸುತ್ತಾರೋ ಅವರ ಕೊಟೇಶನ್ ಬದಿಗಿಡಿ.

– ಜಾಲತಾಣ ನಿರ್ವಹಣೆಯಲ್ಲಿ ತೊಡಗಿರುವ ಓದುಗರು, ಕೋಲಾರ